ಅತ್ತೆ ನಡೆದ ಬದು

ಯಗಟಿಯ ಹತ್ತಿರ ನನ್ನ ಅತ್ತೆಗೆ ಎರಡೆಕರೆ ಹೊಲವಿತ್ತು. ರಾಗಿ ಬೆಳೆಯುವಷ್ಟು ಮಣ್ಣು, ಅಂಚಿನಲ್ಲಿ ಹದಿನೆಂಟು ತೆಂಗಿನ ಮರ. ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ, ಆ ಹೊಲವನ್ನೇ ನೆಚ್ಚಿಕೊಂಡು ಬದುಕಿದವಳು. ಅಲ್ಲಿಗೆ ಹೋಗಲು ಇದ್ದದ್ದು ಒಂದೇ ದಾರಿ, ಅದೂ ಪಕ್ಕದ ಜಮೀನಿನ ಬದುವಿನ ಮೇಲೆ. ಎಮರ್ಜೆನ್ಸಿ ಮುಗಿದ ಮರುವರ್ಷವೋ ಅದರ ಮುಂದಿನ ವರ್ಷವೋ, ಆ ಜಮೀನಿನ ಯಜಮಾನರು ಬದುವಿಗೆ ಅಡ್ಡಲಾಗಿ ಮುಳ್ಳುಬೇಲಿ ಹಾಕಿಸಿದರು.

ನಾನಾಗ ಬೆಂಗಳೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ರಜೆಗೆ ಅಜ್ಜಂಪುರದಲ್ಲಿ ರೈಲಿಳಿದು ಮನೆಗೆ ಬಂದರೆ, ಅತ್ತೆ ಧರಣಿ ಕೂತಿದ್ದಾಳೆ ಎಂದು ಅಪ್ಪ ಹೇಳಿದರು. ಅದೇ ದಾರಿಯನ್ನು ನಂಬಿದ್ದ ಇನ್ನೂ ಮೂರು ಮನೆಯವರ ಜೊತೆ, ಕಡೂರಿನ ತಾಲ್ಲೂಕು ಕಚೇರಿಯ ಮುಂದೆ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ ಜನ ಆಗ ಎಲ್ಲದಕ್ಕೂ ಕೂರುತ್ತಿದ್ದರು, ಸೀಮೆಎಣ್ಣೆಗೂ ಕೂರುತ್ತಿದ್ದರು, ಬಸ್ಸಿಗೂ ಕೂರುತ್ತಿದ್ದರು. ನಾನು ಹೋದಾಗ ಅತ್ತೆ ಹೊಂಗೆ ಮರದ ಕೆಳಗೆ ರೊಟ್ಟಿ ಗಂಟು ಬಿಚ್ಚುತ್ತಿದ್ದಳು.

"ಅಮಲ್ದಾರ್ರು ಆಚೆ ಬಂದು ಮಾತಾಡಿದ್ರು ಕಣೋ," ಅಂದಳು. "ನಾಳಿದ್ದು ಬಂದು ನೋಡ್ತೀನಿ, ಯಜಮಾನ್ರಿಗೆ ಹೇಳಿ ಬೇಲಿ ತೆಗೆಸ್ತೀನಿ ಅಂದವ್ರೆ."

"ಅವರು ಹೇಳಿ ತೆಗೆಸೋದೇನತ್ತೆ? ದಾರಿ ನಿನ್ನ ಹಕ್ಕು. ಹಕ್ಕನ್ನ ಯಾರಾದ್ರೂ ಬೇಡ್ತಾರಾ?"

"ಬೇಡಿದ್ರೇನೀಗ? ದಾರಿ ಬಿಟ್ರೆ ಸಾಕಲ್ವಾ?"

ಸಾಕಲ್ಲ ಅಂದೆ. ಹಾಸ್ಟೆಲಿನಲ್ಲಿ ಆಗ ಬೆಳಗಿನ ಉಪ್ಪಿಟ್ಟಿನ ಮುಂದೆಯೂ ಹಕ್ಕಿನದೇ ಮಾತು. ಕೇಳಿದ್ದನ್ನೆಲ್ಲ ಆ ಹೊಂಗೆ ಮರದ ಕೆಳಗೆ ಒದರಿದೆ. ಓದಿದ ಹುಡುಗ ಹೇಳುತ್ತಿದ್ದಾನೆಂದು ನಾಲ್ಕೂ ಮನೆಯವರು ಎದ್ದು, ಸೀರೆ ಪಂಚೆ ಕೊಡವಿಕೊಂಡು, ಯಗಟಿ ಬಸ್ಸು ಹತ್ತಿದರು. ಅಮಲ್ದಾರರು ಬರಬೇಕಿದ್ದ ದಿನ ನಾನೂ ಅತ್ತೆಯೂ ಕಡೂರಿನ ವಕೀಲರೊಬ್ಬರ ಮುಂದೆ ಕೂತಿದ್ದೆವು. ವಿಷಯ ಕೋರ್ಟಿಗೆ ಹೋಗುತ್ತದೆಂದು ಗೊತ್ತಾದ ಮೇಲೆ ಅಮಲ್ದಾರರು ಊರ ಕಡೆ ತಲೆ ಹಾಕಲಿಲ್ಲ. ಅದು ಅವರ ತಪ್ಪಲ್ಲ.

ವಕೀಲರು ವಯಸ್ಸಾದವರು. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ, ಗೊತ್ತಲ್ಲಪ್ಪಾ," ಎಂದು ನಗುತ್ತಲೇ ಅತ್ತೆಯ ಹೆಬ್ಬೆಟ್ಟು ಹಾಕಿಸಿಕೊಂಡರು. ಜಾಗದ್ದೊಂದು ನಕಾಶೆ ಬೇಕು ಅಂದರು. ನಾನಿದ್ದೇನಲ್ಲ ಅಂದೆ.

ತರೀಕೆರೆಯಲ್ಲಿ ಅಪ್ಪನಿಗೆ ಗೊತ್ತಿದ್ದ ಓವರ್‌ಸಿಯರ್ ಒಬ್ಬರಿಂದ ಅಳೆಯುವ ಸರಪಳಿ, ಕಂಪಾಸು ಎರವಲು ತಂದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನಾನು ಕಂಪಾಸು ಹಿಡಿದುಕೊಂಡು ಊರೊಳಗಿಂದಲೇ ನಡೆದು ಹೋದೆ. ಅಳೆದು ನೋಡಿದರೆ, ಸರ್ಕಾರದ ಗ್ರಾಮನಕ್ಷೆಯಲ್ಲಿ ಚುಕ್ಕೆ ಚುಕ್ಕೆಯಾಗಿ ತೋರಿಸಿದ್ದ ಬಂಡಿದಾರಿ ಬದುವಿನ ಮೇಲೆ ಇರಲೇ ಇಲ್ಲ. ಅದು ಆಚೆ ಒಂದು ಕೊರಕಲಿನೊಳಗೆ ಬೀಳುತ್ತಿತ್ತು. ಎಂದೋ ನೀರು ಕೊರೆದು ಆ ದಾರಿ ಹಾಳಾದ ಮೇಲೆ ಜನ ಬದುವಿಗೆ ಹತ್ತಿದ್ದರು.

"ನಾವು ನಡ್ಯೋದು ಇಲ್ಲಿ ಕಣಪ್ಪಾ, ಅಲ್ಲಿ ಅಲ್ಲ," ಎಂದು ಅತ್ತೆ ಬದುವಿನ ಮೇಲೆ ನಿಂತು ಕಾಲಿಂದ ತೋರಿಸಿದಳು.

"ನಕ್ಷೇಲಿರೋದೇ ದಾರಿ ಅತ್ತೆ. ಇದು ಬರೀ ಬದು."

ಅಜ್ಜಂಪುರದ ಮನೆಯಲ್ಲಿ ನಾಲ್ಕು ದಿನ ಕೂತು ನಕಾಶೆ ಬರೆದೆ. ನಕ್ಷೆಯ ದಾರಿಯನ್ನು ಕೆಂಪು ಇಂಕಿನಲ್ಲಿ ಎಳೆದೆ. ಕೊರಕಲನ್ನು ದಾಟಿಸಲು ಯಾರೂ ಕೇಳದ ಒಂದು ಮೋರಿಯನ್ನೂ ವಿನ್ಯಾಸ ಮಾಡಿ, ಅದರ ಅಡ್ಡಕೊಯ್ತವನ್ನು ಮೂಲೆಯಲ್ಲಿ ಬರೆದೆ. ಬದುವಿನ ಮೇಲಿನ ಕಾಲುದಾರಿಯನ್ನು ಬರೆಯಲಿಲ್ಲ. ಬೇಡದ ಗೆರೆ ಹಾಳೆಯ ಮೇಲೆ ಇರಬಾರದೆಂದು ನಮ್ಮ ಡ್ರಾಯಿಂಗ್ ಮೇಷ್ಟರು ಹೇಳಿಕೊಟ್ಟಿದ್ದರು, ಆ ದಾರಿಯೋ ಸೊಟ್ಟಗಿತ್ತು. ವಕೀಲರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊಗಳಿದರು. ಕೆಂಪು ಗೆರೆಯ ದಾರಿ ಬಿಡಿಸಿಕೊಡಬೇಕೆಂದು ದಾವೆ ಹೂಡಿದರು.

ಸಾಕ್ಷಿ ಹೇಳುವ ಸರದಿ ಬರುವ ಹೊತ್ತಿಗೆ ನನ್ನ ಕೊನೆಯ ವರ್ಷದ ಪರೀಕ್ಷೆ ಮುಗಿದಿತ್ತು. ಯಜಮಾನರ ವಕೀಲರು ಪಾಟೀಸವಾಲಿಗೆ ಎದ್ದರು. ದನಿ ಎತ್ತರಿಸುವ ಮನುಷ್ಯರಲ್ಲ.

"ಅಳೆಯೋಕೆ ಅಂತ ಹೊಲಕ್ಕೆ ಹೋದ್ರಲ್ಲ, ಯಾವ ಕಡೆಯಿಂದ ಹೋದ್ರಿ?"

"ಬೇಲಿ ದಾಟಿ, ಬದುವಿನ ಮೇಲೆ."

"ಆ ಬದುವಿನ ದಾರೀನ ನಿಮ್ಮ ನಕಾಶೇಲಿ ತೋರಿಸಿ."

"ತೋರಿಸಿಲ್ಲ."

"ಯಾಕೆ?"

"ಅದು ನಕ್ಷೆ ಪ್ರಕಾರ ದಾರಿ ಅಲ್ಲ."

"ದಾರಿ ಅಲ್ಲ. ಅಲ್ವಾ?"

"ಅಲ್ಲ," ಅಂದೆ. ಸರಿಯಾದ ಉತ್ತರ ಕೊಟ್ಟ ವಿದ್ಯಾರ್ಥಿಯ ಹಾಗೆ ನೆಟ್ಟಗೆ ನಿಂತಿದ್ದೆ. ನಮ್ಮ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು.

ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿ, ಸಂಜೆ ಕಾನೂನು ಕಾಲೇಜಿಗೂ ಸೇರಿದೆ. ಇಂಜಿನಿಯರಿಂಗ್ ಓದಿದವನಿಗೆ ಅದೂ ಗೊತ್ತಿರಲಿ ಎಂಬ ಜಂಬ. ಒಂದು ಸಂಜೆ ಮೇಷ್ಟರು ದಾರಿಯ ಹಕ್ಕಿನ ಪಾಠ ಮಾಡಿದರು. ಬೇರೆಯವರ ಖಾಸಗಿ ಜಮೀನಿನಲ್ಲಿ ಇಪ್ಪತ್ತು ವರ್ಷ ಎಲ್ಲರಿಗೂ ಕಾಣುವಂತೆ, ತಡೆಯಿಲ್ಲದೆ, ತನ್ನ ಹಕ್ಕೆಂದೇ ನಡೆದುಕೊಂಡು ಬಂದರೆ ಅದೇ ದಾರಿ. ನಕ್ಷೆಯಲ್ಲಿ ಇರಲೇಬೇಕೆಂದಿಲ್ಲ. ಅತ್ತೆ ಮೂವತ್ತು ವರ್ಷ ನಡೆದಿದ್ದಳು. ನಾನು ಆ ಸಾಲನ್ನು ನೋಟ್ ಪುಸ್ತಕದಲ್ಲಿ ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆದೆ. ಆಮೇಲೆ ಪಕ್ಕದವನ ಹತ್ತಿರ ರಬ್ಬರು ಕೇಳಿದೆ. ಯಾಕೆ ಕೇಳಿದೆನೆಂದು ಈಗಲೂ ತಿಳಿಯದು.

ವಕೀಲರಿಗೆ ಕಾಗದ ಬರೆದೆ. ದಾವೆ ತಿದ್ದುವ ಕಾಲ ಮೀರಿತು, ಕಟಕಟೆಯಲ್ಲಿ ಆಡಿದ ಮಾತನ್ನು ನುಂಗಲಾಗದು ಎಂದು ಕಾರ್ಡು ಬಂತು. ಹಾಗಾಗಿ ತೀರ್ಪು ಬರುವ ಮೊದಲೇ ನನಗೆ ತೀರ್ಪು ಗೊತ್ತಿತ್ತು. ಕೊರಕಲಿನ ಮೇಲೆ ಯಾರೂ ಬೇಲಿ ಹಾಕಿಲ್ಲ, ಬದು ದಾರಿಯಲ್ಲವೆಂದು ವಾದಿಯ ಸಾಕ್ಷಿಯೇ ಒಪ್ಪಿದ್ದಾನೆ, ದಾವೆ ವಜಾ. ಬಂದದ್ದೂ ಅದೇ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋಗಿ ಕಾಂಕ್ರೀಟು ಹಾಕಿಸಿದೆ.

ಉಳಿದ ಮೂರು ಮನೆಯವರು ಯಜಮಾನರಿಗೆ ಕೈಮುಗಿದು ಬದುವಿನ ಮೇಲೆ ನಡೆಯುವ ಒಪ್ಪಿಗೆ ತಂದುಕೊಂಡರು. ಕೋರ್ಟಿನಲ್ಲಿ ಹೆಸರಿದ್ದದ್ದು ಅತ್ತೆಯದು, ಅವಳಿಗೆ ಸಿಗಲಿಲ್ಲ. ಎರಡು ವರ್ಷ ಕೊರಕಲಿಗೆ ಇಳಿದು, ಆಚೆ ದಡ ಹತ್ತಿಕೊಂಡು ಹೋಗಿ ಹೊಲ ಮಾಡಿದಳು. ಮಂಡಿ ಕೈಕೊಟ್ಟಿತು, ಬಿದ್ದ ಕಾಯಿ ತರುವವರಿಲ್ಲದೆ ಮರದ ಬುಡದಲ್ಲೇ ಮೊಳೆತವು. ಮೇಲಿನ ಕೋರ್ಟಿಗೆ ಹೋಗೋಣವೆಂದು ನಾನು ಒಮ್ಮೆ ಬಾಯಿಬಿಟ್ಟೆ. "ಸಾಕು ಬಿಡೋ," ಅಂದಳು. ಹೊಲವನ್ನು ಆ ಯಜಮಾನರಿಗೇ ಕೊಡುವುದೆಂದಾಯಿತು. ದಾರಿಯಿಲ್ಲದ ಹೊಲವನ್ನು ಬೇರೆ ಯಾರು ಕೊಳ್ಳುತ್ತಾರೆ?

ನೋಂದಣಿಗೆ ಕಡೂರಿಗೆ ಅತ್ತೆಯನ್ನು ಕರೆದುಕೊಂಡು ಹೋದವನು ನಾನೇ. ಪತ್ರ ಬರೆಯುವವರು ಹೊಲದ ನಾಲ್ಕು ದಿಕ್ಕಿನ ಚಕ್ಕುಬಂದಿ ಕೇಳಿದರು. ನನಗೆ ಬಾಯಿಪಾಠವಾಗಿತ್ತು, ಹೇಳಿದೆ. "ದಾರಿ?" ಅಂದರು. ಇಲ್ಲ ಅಂದೆ. ಅತ್ತೆ ಹೆಬ್ಬೆಟ್ಟು ಒತ್ತಿದಳು. ಯಜಮಾನರು ಅವಳಿಗೆ ಕಾಫಿ ತರಿಸಿದರು, ಕುಡಿದಳು.

ಬಸ್‌ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತೆವು. ಅತ್ತೆ ಮಂಡಿ ನೀವಿಕೊಳ್ಳುತ್ತಿದ್ದಳು. ಇಷ್ಟು ವರ್ಷದಲ್ಲಿ ನನಗೆ ಒಂದು ಬಿರುಸು ಮಾತು ಆಡಿದವಳಲ್ಲ. ಅವತ್ತೂ ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು.

"ಲೇ, ನೀನು ಬರ್ದಿದ್ದೆಯಲ್ಲ, ಆ ಹಾಳೆ. ಅದ್ರಲ್ಲಿ ನಾನು ನಡೀತಿದ್ದಿದ್ದು ಎಲ್ಲಿತ್ತು?"

"ಇರ್ಲಿಲ್ಲ ಅತ್ತೆ."

ಸೆರಗನ್ನು ಮಂಡಿಯ ಮೇಲೆ ಎಳೆದುಕೊಂಡಳು.

"ಯಾಕಪ್ಪಾ, ಜಾಗ ಸಾಲ್ದೇ ಹೋಯ್ತಾ?"

"ಇಲ್ಲ," ಅಂದೆ. "ಜಾಗ ಇತ್ತು."