ಮೀಸೆ ಬಿಟ್ಟ ರಾಣಿ

ನಮ್ಮ ಆಟದ ಮಾಸ್ತರರ ಮೇಲ್ತುಟಿ ತೊಳೆದಿಟ್ಟ ಗಡಿಗೆಯ ಹಾಗೆ ನುಣ್ಣಗಿತ್ತು. ಬೇವೂರಿನ ದೊಡ್ಡಾಟದಲ್ಲಿ ಇಪ್ಪತ್ತು ವರ್ಷ ರಾಣಿಯ ಪಾತ್ರ ಅವರದೇ. ನಮ್ಮಲ್ಲಿ ಮಗ ಮೀಸೆ ತೆಗೆಸುವುದು ಅಪ್ಪ ಸತ್ತಾಗ. ಅಪ್ಪ ಬದುಕಿರುವಾಗಲೇ ಮಾಸ್ತರರು ತೆಗೆಸಿದರೆಂದು ಊರು ಆಡಿಕೊಂಡಾಗ, ಅವರ ಅಪ್ಪನೇ ಮಗನನ್ನು ಕ್ಷೌರಿಕನ ಮುಂದೆ ಕೂರಿಸಿ, "ತಗೀಪಾ, ನಾ ಇನ್ನೂ ಗಟ್ಟಿ ಅದೀನಿ" ಅಂದಿದ್ದನಂತೆ. ಪ್ರತಿ ಆಟಕ್ಕೂ ಮುದುಕ ಕಂಬಳಿ ಹಾಸಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ.

ಮಾಸ್ತರರು ನನಗೂ ದ್ವಾರಪಾಲಕನ ಪಾತ್ರ ಕೊಟ್ಟಿದ್ದರು. ಇದ್ದದ್ದೇ ಒಂದು ಮಾತು. ಅದನ್ನೂ ಮರೆತು ರಾಜನಿಗೇ "ಯಾರಲೇ" ಅಂದೆ. "ಇರ್ಲಿ ಬಿಡು, ಕಾವಲಿನಾಂವ ಯಾರನ್ನೂ ನಂಬಬಾರ್ದು" ಎಂದು ಬೆನ್ನು ತಟ್ಟಿದರು.

ಇಂಥವರಿಗೆ ನಾನು ಮಾಡಿದ್ದು ಕೇಳಿ. ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ಗ್ರೀಕರ ಹಳೆಯ ನಾಟಕವೊಂದರಲ್ಲಿ ರಾಜ ತಿಳಿಯದೆ ಅಪ್ಪನನ್ನು ಕೊಂದು ತಾಯಿಯನ್ನೇ ಮದುವೆಯಾಗುತ್ತಾನೆ. ನಿಜ ತಿಳಿದಾಗ ಕಣ್ಣು ಚುಚ್ಚಿಕೊಳ್ಳುತ್ತಾನೆ. ಪ್ರತಿ ಮಗನ ಮನಸ್ಸಿನ ತಳದಲ್ಲೂ ಆ ಆಸೆ ಅಡಗಿದೆ ಎಂದು ವಿಯೆನ್ನಾದ ವೈದ್ಯನೊಬ್ಬ ಬರೆದಿದ್ದನ್ನು ಹನ್ನೊಂದು ಪುಟ ಓದಿದ್ದೆ. ಹನ್ನೆರಡನೆಯದಕ್ಕೆ ನಿದ್ದೆ ಬಂದಿತ್ತು. ಅಷ್ಟು ಪಾಂಡಿತ್ಯ ಹೊತ್ತು ಚಹಾದ ಅಂಗಡಿಗೆ ಹೋಗಿ, ಮೊದಲು ಆ ರಾಜನ ಕಥೆ ಹೇಳಿದೆ.

"ಮಾಸ್ತರ ಮೀಸಿ ಯಾಕ ತಗಸ್ತಾರ ಗೊತ್ತೈತೇನ್ರಿ? ಪಾತ್ರ ಬರೇ ನೆಪ. ಅಪ್ಪ ಯಾವಾಗ ಸಾಯ್ತಾನಂತ ಒಳಗೊಳಗ ಕಾಯಾಕತ್ತಾರ. ವಿಯೆನ್ನಾ ಡಾಕ್ಟರ್ ಬರದಾನ."

ಅಂಗಡಿಯೇ ನಕ್ಕಿತು. ವಾರದೊಳಗೆ ಅಪ್ಪನ ಜೊತೆ ಜಗಳವಾಡಿದ ಹುಡುಗರಿಗೆಲ್ಲ "ಏನಲೇ ವಿಯೆನ್ನಾ" ಎಂಬ ಹೆಸರು ಬಿತ್ತು. ಮಾತು ಮುದುಕನಿಗೂ ಕೇಳಿಸಿತ್ತು. ಮಗನನ್ನು ಅವನು ಕೇಳಿದ್ದು ಒಂದೇ: "ಹೌದೇನಪಾ?"

ಮಾಸ್ತರರು ಮೀಸೆ ಬಿಟ್ಟರು, ರಾಣಿಯ ಪಾತ್ರ ಬಿಟ್ಟರು. ಆ ವರ್ಷ ರಾಣಿಯಾಗಿ ಬಂದ ಹುಡುಗನನ್ನು ನೋಡಲು ಮುದುಕ ಕಂಬಳಿ ತರಲಿಲ್ಲ. ಕ್ಷಮೆ ಕೇಳಲೆಂದು ನಾನು ಮೂರು ಸಲ ಮಾಸ್ತರರ ಬಾಗಿಲವರೆಗೆ ಹೋದೆ. ದ್ವಾರಪಾಲಕನ ಹಾಗೆ ನಿಂತು, ಇದ್ದ ಒಂದು ಮಾತನ್ನೂ ಮರೆತು ವಾಪಸು ಬಂದೆ.

ಮರುವರ್ಷ ಮುದುಕ ತೀರಿಕೊಂಡ. ದಿನದ ಕಾರ್ಯ ಮುಗಿದ ಮೇಲೆ ಮಾಸ್ತರರು ನನ್ನನ್ನು ಕರೆಸಿದರು. ತುಟಿ ಮತ್ತೆ ನುಣ್ಣಗಾಗಿತ್ತು.

"ಆ ನಿನ್ನ ರಾಜ ಅಪ್ಪನ್ನ ಬೇಕಂತ ಕೊಂದ್ನೇನು?"

"ಇಲ್ರಿ. ಗೊತ್ತಿಲ್ದ."

"ಹಂಗಾರ ನೀನೂ ಗೊತ್ತಿಲ್ದ ಅಂದಿ. ಹೌದಲ್ಲೋ?"

ನಾನು ಆ ಮಾತಾಡಿದ ದಿನ ಚಹಾದ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಮುದುಕನ ಕಂಬಳಿ ಹಾಸಿತ್ತು, ಮುದುಕನೂ ಅದರ ಮೇಲಿದ್ದ. ನೋಡಿದ್ದೆ. ನಗು ಇನ್ನಷ್ಟು ಬರಲೆಂದು, ನೋಡಿಯೇ ದನಿ ಏರಿಸಿದ್ದೆ.

"ಹೌದ್ರಿ" ಅಂದೆ.

ಆಟದಲ್ಲಿ ನಾನು ಮಾತು ಮರೆತ ಅವತ್ತಿನ ಹಾಗೆಯೇ ಮಾಸ್ತರರು ಬೆನ್ನು ತಟ್ಟಿದರು.