ಗುಂಡಿಯಿಲ್ಲದ ಬಿಲ್ಲು

ಕನ್ನಡಕದಂಗಡಿಯ ಯಜಮಾನರು ಹತ್ತು ವರ್ಷ ಚಕ್ರ, ಕೇಬಲ್ಲು, ಭೂತಗನ್ನಡಿಗಳಿದ್ದ ಕಾಂಪೌಂಡ್ ಬಿಲ್ಲಿನಲ್ಲಿ ಗುಂಡಿ ಒತ್ತಿ ಬಾಣ ಬಿಟ್ಟವರು. ಈಗ ಹಟ ಹಿಡಿದು ಬರೀ ಮರದ ಬಿಲ್ಲು ಕಲಿಯುತ್ತಿದ್ದಾರೆ. ಹೆದೆ ಎಳೆದರೆ ಭುಜ ಗಡಗಡ ನಡುಗುತ್ತದೆ, ಹೆಬ್ಬೆರಳು ಮಾತ್ರ ಇಲ್ಲದ ಗುಂಡಿಯನ್ನು ಗಾಳಿಯಲ್ಲೇ ಒತ್ತುತ್ತದೆ. "ಲಿಫ್ಟ್ ಕರೀತಿದ್ದೀರಾ?" ಎಂದು ಹೆಂಡತಿ ನಗುತ್ತಾರೆ. "ಕನ್ನಡಿ ಇಟ್ಕೊಂಡು ಹೊಡೆಯೋದು ಬಿಲ್ವಿದ್ಯೆನೇ ಅಲ್ಲ ಕಣೆ!" ಎಂದು ಊರಿಗೆಲ್ಲ ಕನ್ನಡಕ ಹಾಕಿಸಿದವರೇ ಗುಡುಗುತ್ತಾರೆ. ಆ ಕನ್ನಡಿಯಲ್ಲೂ ಗುರಿ ಮಸುಕಾಗುತ್ತ ಬಂದದ್ದನ್ನು ಅವರು ಯಾರಿಗೂ ಹೇಳಿಲ್ಲ. ಇವತ್ತೂ ಬಾಣ ಗುರಿಯ ಹಲಗೆ ತಪ್ಪಿ ಪಕ್ಕದ ಹುಲ್ಲಿನೊಳಗೆ ಸರ್ರನೆ ನುಗ್ಗಿತು. "ನಟ್ಟನಡುವೇ ನೆಟ್ಕೊಳ್ತು ನೋಡಿ!" ಎಂದರು ಹೆಂಡತಿ. ಹಲಗೆಗೆ ಬಡಿದ ಸದ್ದೇ ಬರಲಿಲ್ಲವೆಂದು ಗೊತ್ತಿದ್ದೂ, "ಕಂಡೆ ಕಂಡೆ, ನನಗೇನು ಕಣ್ಣಿಲ್ವಾ?" ಎಂದು ರೇಗಿದರು ಯಜಮಾನರು.