ಕುಂಕುಮದಿಂದ ಪಾರಾದ ಮಿಲಿಟರಿ ನೋಟು

ಗೆಳೆಯರೇ, ಎದೆಬಡಿತ ಈಗಷ್ಟೇ ಹತೋಟಿಗೆ ಬಂತು. ಹೊರದೇಶದ ನೆಲೆಗಳಲ್ಲಿದ್ದ ಅಮೆರಿಕದ ಸೈನಿಕರ ಬಳಕೆಗೆಂದೇ ಹಿಂದೆ ಅಚ್ಚು ಹಾಕಿಸುತ್ತಿದ್ದ ನೋಟುಗಳನ್ನು ನಾನು ಕೂಡಿಡುತ್ತೇನೆ. ಮೂರು ವರ್ಷದಿಂದ ಹುಡುಕುತ್ತಿದ್ದ ಒಂದು ನೋಟು ಇಂದು ನಮ್ಮೂರು ಯರಗುಪ್ಪಿಗೆ ಅಂಚೆಯಲ್ಲಿ ಬಂತು. ಮೇಜಿನ ಮೇಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಮಾಯ!

“ಅವ್ವಾ, ಇಲ್ಲಿದ್ದ ನೋಟು ಎಲ್ಲೈತಿ?”

“ಕಿರೀಟದ ಲಕ್ಷ್ಮವ್ವನ? ದೇವರ ಜಗಲಿ ಮ್ಯಾಲ ಇಟ್ಟೇನಿ” ಎಂದಳು ಅವ್ವ ಒಳಗಿನಿಂದ.

ಓಡಿದೆ. ನೋಟಿನ ಮೇಲೆ ಅಚ್ಚಾಗಿದ್ದ ಕಿರೀಟದ ಹೆಂಗಸಿನ ಹಣೆಗೂ ಅವ್ವನ ಕುಂಕುಮದ ಬೆರಳಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಕಲೆ ಬಿದ್ದ ನೋಟನ್ನು ನಮ್ಮಂಥ ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ.

“ಹಚ್ಚಬ್ಯಾಡಬೇ! ಆಕಿ ಲಕ್ಷ್ಮಿ ಅಲ್ಲ!”

ನೋಟನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟೆ.

“ಮತ್ತ ಯಾರಾಕಿ?”

“ಗೊತ್ತಿಲ್ಲಬೇ.”

“ಹೆಸರು ಸೈತ ಗೊತ್ತಿಲ್ಲದಾಕಿನ್ನ ಅಷ್ಟು ದೂರದಿಂದ ಮನಿಗೆ ಕರಸ್ಕೊಂಡಿ. ನಾ ಒಂದು ಬೊಟ್ಟು ಕುಂಕುಮ ಹಚ್ಚಿದ್ರ ತಪ್ಪೇನಲೇ?”

ನೋಟು ಈಗ ಆಲ್ಬಮ್ಮಿನಲ್ಲಿ ಸುರಕ್ಷಿತವಾಗಿದೆ. ಅವ್ವನಿಗೆ ಕೊಡಲು ಉತ್ತರ ಹೊಳೆದವರು ದಯವಿಟ್ಟು ಕೆಳಗೆ ಬರೆಯಿರಿ.